ಇಪ್ಪತ್ತು ಸಿಮೆಂಟು ಬಂಡೆ, ಒಬ್ಬರು ಬೀಗರು

ವ್ಯವಹಾರ ಎಂಬತ್ತನಾಲ್ಕು ಸಾವಿರದ್ದು. ಇಪ್ಪತ್ತು ಬಂಡೆ, ಒಂದಕ್ಕೆ ನಾಲ್ಕು ಸಾವಿರ. ನೀರಿನ ನಡುವೆ ಕಾಲಿಟ್ಟು ದಾಟುವ ಹೆಜ್ಜೆಗಲ್ಲು ಎಂಟು, ಒಂದಕ್ಕೆ ಐನೂರು. ಮುಂಗಡ ಇಪ್ಪತ್ತು ಸಾವಿರ ಕೈಗೆ ಬಂದಿತ್ತು. ಉಳಿದ ಅರವತ್ತನಾಲ್ಕು ಸಾವಿರಕ್ಕೆ ಒಂದು ಷರತ್ತಿತ್ತು.

ಕೊಳ್ಳುವವರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಹೋಂಸ್ಟೇ ತೆರೆಯಲು ಹೊರಟಿದ್ದ ಗೌಡರು. ಮನೆಯ ಹಿಂದೆ ಮೀನು ಬಿಡಲು ಕೊಳ ತೋಡಿಸಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿದ್ದರು. ನಿಜವಾದ ಬಂಡೆ ಇಟ್ಟರೆ ಶೀಟ್ ಹರಿಯುತ್ತದೆ. ಮನೆ ಹಿಂದಕ್ಕೆ ಜೆಸಿಬಿಯೂ ಹೋಗುವುದಿಲ್ಲ. ಅದಕ್ಕೇ ಒಳಗೆ ಪೊಳ್ಳಾಗಿರುವ, ಇಬ್ಬರು ಎತ್ತಿಡಬಹುದಾದ ಸಿಮೆಂಟು ಬಂಡೆ ಬೇಕಾಗಿತ್ತು.

"ನೋಡಿ ಶೆಟ್ರೆ, ಓಪನಿಂಗಿಗೆ ಹೊಸನಗರದಿಂದ ನಮ್ಮ ಬೀಗ್ರು ಬರ್ತಾರೆ," ಅಂದರು ಗೌಡರು. "ಮೂವತ್ತು ವರ್ಷ ಕಲ್ಲುಕೋರೆ ನಡೆಸಿದೋರು. ನಮ್ಮನೇಲಿ ಏನು ಕಂಡ್ರೂ ಡೂಪ್ಲಿಕೇಟ್ ಅಂತಾರೆ. ಮಗಳ ಮದ್ವೇಲಿ ಪಾಯಸದ ಗೋಡಂಬೀನೇ ಡೂಪ್ಲಿಕೇಟ್ ಅಂದಿದ್ರು ಮಾರಾಯ್ರೆ. ನೀವು ಮಾಡಿದ ಒಂದು ಕಲ್ಲಿಗೆ ಬೆರಳು ತೋರ್ಸಿ ಅವರು 'ಇದು ಸಿಮೆಂಟು' ಅಂದ್ರೆ, ಬಾಕಿ ದುಡ್ಡು ಮರ್ತುಬಿಡಿ."

ಒಪ್ಪಿಕೊಂಡು ಸಾಗರಕ್ಕೆ ಬಂದೆ. ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ದೋಸೆ ಮಗುಚುತ್ತಿದ್ದವಳು ಸಟ್ಟುಗ ಹಿಡಿದೇ ತಿರುಗಿದಳು. "ಮಲೆನಾಡಲ್ಲಿ ಕಲ್ಲು ಮಾರ್ತೀರಾ? ಅದರ ಬದಲು ಜೋಗಕ್ಕೆ ಹೋಗಿ ನೀರು ಮಾರಿ."

"ಅದನ್ನ ಆಗಲೇ ಬಾಟಲೀಲಿ ಮಾರ್ತಿದಾರೆ. ನಾನೇ ತಡ ಮಾಡ್ದೆ," ಅಂದೆ.

ಸಿಮೆಂಟು, ಕಬ್ಬಿಣ, ಪೈಪು ಮಾರಿಕೊಂಡು ಮೂವತ್ತು ವರ್ಷ ದಾಟಿತು. ಗಟ್ಟಿ ಸಾಮಾನಿನ ಅಂಗಡಿಗೇ ಇಂಥ ಪೊಳ್ಳು ವ್ಯವಹಾರಗಳು ಹುಡುಕಿಕೊಂಡು ಬರುತ್ತವೆ. ನಾನು ಯಾವುದನ್ನೂ ವಾಪಸು ಕಳಿಸಿದವನಲ್ಲ.

ಮೊದಲ ಬಂಡೆ ಮಾಡಿದ್ದು ಮಳೆ

ಗೌಡರು ನನ್ನನ್ನೇ ಹುಡುಕಿಕೊಂಡು ಬಂದದ್ದಕ್ಕೆ ಒಂದು ಹಿನ್ನೆಲೆಯಿದೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಒಂದು ವರ್ಷ ಗೋಡೌನಿನ ತಗಡು ತೂತಾಗಿ ಏಳು ಚೀಲ ಸಿಮೆಂಟಿನ ಮೇಲೆ ನೀರು ಬಿತ್ತು. ನೀರು ಕುಡಿದ ಸಿಮೆಂಟು ಚೀಲ ಅಂಗಡಿಯವನ ಪಾಲಿಗೆ ಹೆಣ. ಎತ್ತಿ ಹಿತ್ತಲಿಗೆ ಹಾಕುವುದೊಂದೇ ಕೆಲಸ. ಹಾಕಿದೆ. ಎರಡು ವರ್ಷದಲ್ಲಿ ಚೀಲ ಹರಿದು ಹೋಯಿತು, ಮೇಲೆ ಪಾಚಿ ಹಿಡಿಯಿತು, ಸಂದಿಯಲ್ಲಿ ಜರಿಗಿಡ ಹುಟ್ಟಿತು. ನಲ್ಲಿ ಕೊಳ್ಳಲು ಬಂದ ನಿವೃತ್ತ ಮೇಷ್ಟ್ರೊಬ್ಬರು ಕೈ ತೊಳೆಯಲು ಹಿತ್ತಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು.

"ಶೆಟ್ರೆ, ಈ ಬಂಡೆ ಎಲ್ಲಿಯವು? ಕೆಳದಿ ಕಡೆಯವಾ? ಭಾಳ ಹಳೇ ಕಾಲದ್ದು ಕಾಣುತ್ತೆ."

ಗಿರಾಕಿ ತಾನೇ ಬೆಲೆ ಏರಿಸುತ್ತಿರುವಾಗ ಅಂಗಡಿಯವನು ಮಾತಾಡಬಾರದು. "ಎಷ್ಟು ಹಳೇದು ಅಂತ ಹೇಳೋದು ಕಷ್ಟ ಸಾರ್," ಅಂದೆ. ಒಳ್ಳೆಯ ಸಿಮೆಂಟು ಚೀಲ ನಾನೂರಕ್ಕೆ ಹೋಗುತ್ತಿದ್ದ ಕಾಲದಲ್ಲಿ ಕೆಟ್ಟು ಹೋದ ನಾಲ್ಕು ಚೀಲ ತಲಾ ಆರುನೂರಕ್ಕೆ ಹೋದವು.

ವಾರದ ಮೇಲೆ ಮೇಷ್ಟ್ರು ಮತ್ತೆ ಬಂದರು. ಕೈಯಲ್ಲಿ ಚೀಲದ ಚೂರೊಂದಿತ್ತು. ಬಂಡೆಯ ಅಡಿಗೆ ಅಂಟಿಕೊಂಡಿದ್ದದ್ದು.

"ಶೆಟ್ರೆ, ಕೆಳದಿ ಅರಸರ ಕಾಲದಲ್ಲಿ ಕಲ್ಲಿನ ಮೇಲೆ 'ಐವತ್ತು ಕೆ.ಜಿ.' ಅಂತ ಬರೀತಿದ್ರಾ?"

ಒಪ್ಪಿಕೊಂಡೆ. ಗಲ್ಲಾಪೆಟ್ಟಿಗೆ ತೆಗೆದು ದುಡ್ಡು ಎಣಿಸತೊಡಗಿದೆ. ಮೇಷ್ಟ್ರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. "ದುಡ್ಡು ಬೇಡ ಮಾರಾಯ್ರೆ. ಬೀದಿ ಜನಕ್ಕೆಲ್ಲ ಹಳೇ ಕಲ್ಲು ಅಂತ ಹೇಳಾಗಿದೆ. ಈಗ ನಾಲ್ಕೇ ಇದ್ರೆ ಅನುಮಾನ ಬರುತ್ತೆ. ಉಳಿದ ಮೂರೂ ಕೊಟ್ಬಿಡಿ."

ರಸಮಟ್ಟ ಹಿಡಿದ ಬಂಡೆ

ಗೌಡರ ಬಂಡೆಗಳನ್ನು ಮಾತ್ರ ಬೇಕೆಂದೇ ಮಾಡಬೇಕಿತ್ತು. ಕೆಲಸ ಕಷ್ಟದ್ದಲ್ಲ. ಕೋಳಿಗೂಡಿಗೆ ಹಾಕುವ ಜಾಲರಿಯನ್ನು ಬಂಡೆಯ ಆಕಾರಕ್ಕೆ ಬಗ್ಗಿಸಬೇಕು. ಗೋಣಿತಾಟನ್ನು ಸಿಮೆಂಟು ನೀರಲ್ಲಿ ಅದ್ದಿ ಅದಕ್ಕೆ ಸುತ್ತಬೇಕು. ಮೇಲೆ ಮುಕ್ಕಾಲು ಇಂಚು ಗಾರೆ. ಹಸಿಯಿರುವಾಗಲೇ ಮುದುಡಿದ ಪ್ಲಾಸ್ಟಿಕ್ ಕವರು ಒತ್ತಿ ಎತ್ತಿದರೆ ಕಲ್ಲಿನ ಒರಟು ತಾನಾಗಿ ಮೂಡುತ್ತದೆ. ಬಣ್ಣಕ್ಕೆ ಒಂದು ಚಿಟಿಕೆ ಕಪ್ಪು ಆಕ್ಸೈಡು. ಇಷ್ಟನ್ನೂ ನನ್ನ ಮೇಸ್ತ್ರಿಗೆ ವಿವರಿಸಿ ಅಂಗಡಿಗೆ ಹೋದೆ.

ಸಂಜೆ ಬಂದು ನೋಡಿದರೆ ಮೇಸ್ತ್ರಿ ಬಂಡೆಯ ಮೇಲೆ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ, ಒಳಗಿನ ಗುಳ್ಳೆ ನೋಡುತ್ತಿದ್ದಾನೆ.

"ಇದೆಂತ ಮೇಸ್ತ್ರಿ?"

"ಎಡಕ್ಕೆ ಅರ್ಧ ಇಂಚು ವಾಲಿತ್ತು ಶೆಟ್ರೆ. ಸರಿ ಮಾಡ್ದೆ."

ಮೂರು ಬಂಡೆ ಮಾಡಿದ್ದ. ಮೂರೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅಂಚುಗಳನ್ನು ದುಂಡಗೆ ತೀಡಿದ್ದ. ಮೇಲೆ ನೀರು ನಿಲ್ಲಬಾರದೆಂದು ಒಂದು ಬದಿಗೆ ಸಣ್ಣ ಇಳಿಜಾರು ಬೇರೆ.

"ಮೇಸ್ತ್ರಿ, ಇದು ಬಂಡೆ. ಬಚ್ಚಲುಮನೆ ಅಲ್ಲ. ಒರಟಾಗಿರ್ಬೇಕು."

ಅವನು ಕರಣೆ ಕೆಳಗಿಟ್ಟ. "ಶೆಟ್ರೆ, ನಲವತ್ತು ವರ್ಷದಿಂದ ಗೋಡೆ ನುಣುಪು ಮಾಡಿ ಹೆಸರು ತಗೊಂಡಿದೀನಿ. ಇಂಥ ಕೆಲಸ ನಾನು ಮಾಡ್ದೆ ಅಂತ ಗೊತ್ತಾದ್ರೆ ನಾಳೆ ಯಾರು ಕರೀತಾರೆ?"

ಒರಟು ಮಾಡು ಅಂದರೂ ಅವನ ಕೈ ಕೇಳುತ್ತಿರಲಿಲ್ಲ. ಗಾರೆ ಕಂಡ ಕೂಡಲೆ ಕರಣೆ ತಾನಾಗಿ ಸವರುತ್ತಿತ್ತು. ಕೊನೆಗೆ ಹೇಳಿದೆ: "ಬಲಗೈ ಬೆನ್ನ ಹಿಂದೆ ಕಟ್ಕೋ. ಎಡಗೈಯಲ್ಲಿ ಮಾಡು."

ನಾಲ್ಕನೆಯ ಬಂಡೆ ಎಡಗೈಯಲ್ಲಿ ಬಂತು. ಏನು ಬಂಡೆ ಅಂತೀರಿ! ತುಂಗೆಯಿಂದ ಈಗಷ್ಟೇ ಎತ್ತಿ ತಂದ ಹಾಗಿತ್ತು. ಇಪ್ಪತ್ತನ್ನೂ ಹಾಗೇ ಮುಗಿಸಿದ. ಆ ಮೂರು ನುಣುಪು ಬಂಡೆ ಮಾತ್ರ ಅಂಗಡಿ ಮುಂದೆ ಉಳಿದವು. ಬಸ್ಸಿಗೆ ಕಾಯುವವರು ಅವುಗಳ ಮೇಲೆ ಕೂತುಕೊಳ್ಳುತ್ತಿದ್ದರು.

ಕೂಲಿ ಕೊಡುವಾಗ ಮೇಸ್ತ್ರಿ ದುಡ್ಡು ಎಣಿಸಿ ಅಲ್ಲೇ ನಿಂತ.

"ಮತ್ತೆಂತ?"

"ಇದು ಬಲಗೈ ಕೂಲಿ ಶೆಟ್ರೆ. ಎಡಗೈಯದು ಬೇರೆ."

ಗೇಟಿನಲ್ಲಿ

ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಟ್ಟುಕೊಂಡರೆ ಮೀನು ಸಾಯುತ್ತದೆ. ಹಾಗಾಗಿ ಬಂಡೆಗಳನ್ನು ಬಾಳೆದಿಂಡಿನ ಚೂರು ಹಾಕಿದ ನೀರಲ್ಲಿ ಮೂರು ವಾರ ನೆನೆಸಿದೆ. ಮಜ್ಜಿಗೆಗೆ ಸಗಣಿ ಕದಡಿ ಬಳಿದು ನೆರಳಲ್ಲಿಟ್ಟೆ. ಪಾಚಿ ಮಖಮಲ್ಲಿನ ಹಾಗೆ ಹಿಡಿಯಿತು. ಪಿಕಪ್ಪಿಗೆ ಹೇರಿಕೊಂಡು ಹೊರಟರೆ ಹೊಸನಗರ ದಾಟಿದ ಮೇಲೆ ಅರಣ್ಯ ಇಲಾಖೆಯ ಗೇಟಿನಲ್ಲಿ ಗಾರ್ಡು ಕೈ ಅಡ್ಡ ಹಿಡಿದ.

"ಇಷ್ಟು ಬಂಡೆ! ಪರ್ಮಿಟ್ ತೋರ್ಸಿ."

"ಇವು ಬಂಡೆ ಅಲ್ಲ, ಸಿಮೆಂಟು."

ಗಾರ್ಡು ಸೊಂಟಕ್ಕೆ ಕೈಯಿಟ್ಟು ನಿಂತ. "ನಾಟಾ ಸಾಗ್ಸೋರು ಸೌದೆ ಅಂತಾರೆ. ಮರಳು ಸಾಗ್ಸೋರು ಮಣ್ಣು ಅಂತಾರೆ. ಬಂಡೆ ಸಾಗ್ಸೋರು ಸಿಮೆಂಟು ಅಂದಿದ್ದು ಇದೇ ಮೊದಲು."

ಪಾಚಿ ಕೆರೆದು ನೋಡಿದ, ಮೂಸಿದ. "ಕಾಡಿನ ವಾಸನೆ ಬರ್ತಾ ಇದೆ. ಯಾವ ಹಳ್ಳದಿಂದ ಎತ್ತಿದ್ದು, ನಿಜ ಹೇಳಿ."

ಜೀವಮಾನದಲ್ಲಿ ನನ್ನ ಮಾತನ್ನು ಯಾರಾದರೂ ನಂಬದಿದ್ದಾಗ ಖುಷಿಯಾದದ್ದು ಅದೊಂದೇ ಸಲ. ಕಾಡಲ್ಲೇ ಓಡಾಡುವ ಇವನಿಗೇ ಗೊತ್ತಾಗಲಿಲ್ಲ ಅಂದರೆ ಬೀಗರ ಕಥೆ ಮುಗಿಯಿತು ಅಂದುಕೊಂಡೆ. ಎಲ್ಲಕ್ಕಿಂತ ಚಿಕ್ಕ ಬಂಡೆಯನ್ನು ಎತ್ತಿ ಅವನ ಕೈಗಿಡಲು ಹೋದೆ. ಅವನು "ಅಯ್ಯಯ್ಯೋ" ಅಂತ ಎರಡು ಹೆಜ್ಜೆ ಹಿಂದೆ ಹಾರಿದ. ಆಮೇಲೆ ಹಿಡಿದು ನೋಡಿದ. ಹೆಗಲ ಮೇಲಿಟ್ಟುಕೊಂಡು ಗೇಟಿನ ಸುತ್ತ ಒಂದು ಸುತ್ತು ಬಂದ. ಮೊಬೈಲು ನನ್ನ ಕೈಗೆ ಕೊಟ್ಟು, "ಒಂದು ಫೋಟೋ ತೆಗೀರಿ ಸಾರ್, ಹೆಂಡ್ತಿಗೆ ಕಳಿಸ್ತೀನಿ," ಅಂದ. ಉಸಿರು ಕಟ್ಟಿ, ತೋಳು ಉಬ್ಬಿಸಿ ನಿಂತ. ತೆಗೆದೆ.

ಬಂಡೆ ವಾಪಸಿಡುವಾಗ ಕೇಳಿದ: "ಇದರ ಮೇಲೆ ಬಟ್ಟೆ ಒಗೆಯೋಕಾಗುತ್ತಾ?"

"ಇಲ್ಲ."

"ಕೂತ್ಕೊಳ್ಳೋಕೆ?"

"ನಿಧಾನಕ್ಕೆ."

"ಮತ್ತೆ ಇದು ಯಾಕೆ ಬೇಕು?"

ಗಾಡಿ ಸ್ಟಾರ್ಟ್ ಮಾಡಿಸಿದೆ. ಗಿರಾಕಿ ಕೇಳದ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ತಿರುಗುವ ಅಭ್ಯಾಸ ನನಗಿಲ್ಲ.

ಅಮ್ಮನ ಹೆಜ್ಜೆ

ಹೆಜ್ಜೆಗಲ್ಲುಗಳನ್ನು ಅಡಿಕೆ ಹಾಳೆಯಲ್ಲಿ ಎರಕ ಹೊಯ್ದಿದ್ದೆ. ಹಾಳೆಯ ಗೀರುಗಳು ಸಿಮೆಂಟಿನ ಮೇಲೆ ಮೂಡಿ ಚಂದವಾಗಿತ್ತು, ಅಚ್ಚಿಗೆ ಖರ್ಚೂ ಇರಲಿಲ್ಲ. ಕೊಳಕ್ಕೆ ಅಡ್ಡಲಾಗಿ ಎಂಟನ್ನೂ ಜೋಡಿಸಲು ಮೇಸ್ತ್ರಿಗೆ ಹೇಳಿದೆ. ತನ್ನ ಹೆಜ್ಜೆ ಅಳತೆಗೆ ಜೋಡಿಸಿದ. ಅವನು ಆರಡಿ ಆಳು. ಗೌಡರು ಐದಡಿಗೆ ಒಂದು ಬೆರಳು ಕಮ್ಮಿ.

ಗೌಡರು ಪಂಚೆ ಎತ್ತಿಕೊಂಡು ದಾಟಲು ಹೊರಟರು. ಮೊದಲೆರಡು ಕಲ್ಲು ಹಾರಿಕೊಂಡು ಹೋದರು. ಒಂದು ಕಾಲು ಮೂರನೆಯದರ ಮೇಲೆ, ಇನ್ನೊಂದು ನಾಲ್ಕನೆಯದರ ಮೇಲೆ ಬಿದ್ದಾಗ ನಿಂತರು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ಅಷ್ಟರಲ್ಲಿ ಅವರಿಗೆ ಫೋನು ಬಂತು. ಅದೇ ಭಂಗಿಯಲ್ಲಿ "ಹಲೋ" ಅಂದರು. ರೂಮಿನ ಬಾಡಿಗೆ ವಿಚಾರಿಸುವ ಫೋನು. "ಹೌದೌದು, ಇಲ್ಲಿ ಭಾಳ ಆರಾಮಾಗಿರುತ್ತೆ," ಅಂತ ತೊಡೆ ನಡುಗಿಸುತ್ತಾ ಹೇಳಿದರು.

ಹಿಂಬಾಗಿಲಿಗೆ ಗೌಡರ ತಾಯಿ ಬಂದು ನಿಂತರು. ಎಪ್ಪತ್ತು ದಾಟಿದ ಜೀವ, ದನಿಗೆ ಮಾತ್ರ ವಯಸ್ಸಾಗಿಲ್ಲ.

"ಎಂತಕ್ಕೋ ಹಂಗೆ ನಿಂತಿದೀಯ? ಊದುಬತ್ತಿ ಹಚ್ಲಾ?"

ನಾನೂ ಮೇಸ್ತ್ರಿಯೂ ಸೇರಿ ಗೌಡರನ್ನು ಎತ್ತಿ ದಡಕ್ಕೆ ತಂದೆವು. ಅಮ್ಮ ನನ್ನ ಕಡೆ ತಿರುಗಿದರು. "ಇದು ನನ್ನ ಬಟ್ಟೆ ಒಗೆಯೋ ಕಲ್ಲಿದ್ದ ಜಾಗ ಶೆಟ್ರೆ. ಹೋಂಸ್ಟೇಗೆ ಚಂದ ಕಾಣಲ್ಲ ಅಂತ ಅದನ್ನ ಕಿತ್ತು ಕೊಟ್ಟಿಗೆ ಹಿಂದೆ ಎಸೆದಿದಾನೆ. ಅನುಭವಿಸ್ಲಿ."

ಇನ್ನು ಯಾರ ಹೆಜ್ಜೆ ಅಳತೆಗೆ ಇಡುವುದು? ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಹೆಜ್ಜೆ ಅಮ್ಮನದೇ. ಸೀರೆ ನೆರಿಗೆ ಹಿಡಿದು ಅಂಗಳದಲ್ಲಿ ಎಂಟು ಹೆಜ್ಜೆ ನಡೆದರು. ಮೇಸ್ತ್ರಿ ಸುಣ್ಣದ ಗುರುತು ಹಾಕಿಕೊಂಡು, ಕೊಳ ಕಿರಿದಾಗಿರುವ ಕಡೆಗೆ ಕಲ್ಲುಗಳನ್ನು ಸರಿಸಿದ.

"ಇನ್ಮೇಲೆ ಈ ಕೊಳ ದಾಟೋರೆಲ್ಲ ಅಮ್ಮನ ಅಳತೇಲೇ ನಡೀಬೇಕು," ಅಂದೆ.

ಗೌಡರು ತೊಡೆ ತಿಕ್ಕಿಕೊಳ್ಳುತ್ತಾ ಹೇಳಿದರು: "ಮನೆ ಒಳಗೂ ಹಂಗೇ ಅಲ್ವಾ ಶೆಟ್ರೆ."

ಪಾಚಿ

ಓಪನಿಂಗಿಗೆ ಎರಡು ವಾರ ಇತ್ತು. ಗೌಡರಿಂದ ಫೋನು.

"ಶೆಟ್ರೆ, ಕೂತಿದೀರಾ? ಕೂತ್ಕೊಳ್ಳಿ. ಅಮ್ಮ ಬಂಡೆ ತೊಳೆದ್ರು."

ನಮ್ಮ ಕಡೆ ಹೆಂಗಸರಿಗೆ ಪಾಚಿ ಅಂದರೆ ಯಾರೋ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಮುನ್ಸೂಚನೆ. ಅಂಗಳದಲ್ಲಿ ಹಸಿರು ಕಂಡರೆ ಬ್ಲೀಚಿಂಗ್ ಪೌಡರು ಹಿಡಿದೇ ಏಳುತ್ತಾರೆ. ಅಮ್ಮ ಒಂದು ಬೆಳಿಗ್ಗೆ ಕೂತು, ತೆಂಗಿನ ಕತ್ತ ಹಿಡಿದು, ದಡದ ಆರು ಬಂಡೆಗಳನ್ನು ಹಬ್ಬದ ಪಾತ್ರೆ ಬೆಳಗಿದ ಹಾಗೆ ಬೆಳಗಿದ್ದರು. ನೀರಿನೊಳಗೆ ಇಳಿಯಲಾಗದೆ ಉಳಿದವು ಬಚಾವಾಗಿದ್ದವು.

ಓಡಿ ಹೋದೆ. ಬೋಳು ಸಿಮೆಂಟು ಬಿಸಿಲಿಗೆ ಹಲ್ಲು ಕಿರಿಯುತ್ತಿತ್ತು. ಅಮ್ಮ ಮೆಚ್ಚುಗೆಗೆ ಕಾಯುತ್ತಾ ನಿಂತಿದ್ದರು. "ಎಷ್ಟು ಕೊಳೆ ಇತ್ತು ಶೆಟ್ರೆ! ಮಾರೋ ಮೊದಲು ಒಂದ್ಸಲ ತೊಳೆದು ಕೊಡ್ಬಾರ್ದಾ?"

ಮತ್ತೆ ಮಜ್ಜಿಗೆ, ಮತ್ತೆ ಸಗಣಿ. ಪುಣ್ಯಕ್ಕೆ ಒಂದು ವಾರ ಬಿಡದೆ ಮಳೆ ಜಿನುಗಿತು, ಪಾಚಿ ವಾಪಸು ಬಂತು. ಹೊರಡುವಾಗ ಅಮ್ಮ ಹೇಳಿದ್ದನ್ನು ಮಾತ್ರ ನಾನು ಗಮನಿಸಬೇಕಿತ್ತು.

"ತೊಳೆದ್ಮೇಲೆ ಕಂಡಿತು, ಆ ಮೂಲೆ ಕಲ್ಲು ಒಳ್ಳೆ ಒರಟಾಗಿದೆ. ದಪ್ಪ ಬಟ್ಟೆಗೆ ಲಾಯಕ್ಕು."

ಬೀಗರ ಬೆರಳು

ಓಪನಿಂಗಿನ ದಿನ ಬೆಳಿಗ್ಗೆ ಏಳಕ್ಕೇ ಹೋದೆ. ಪೂಜೆ ಹತ್ತಕ್ಕೆ, ಬೀಗರು ಹನ್ನೊಂದಕ್ಕೆ. ಗೌಡರು ಹೂವು ತರಲು ತೀರ್ಥಹಳ್ಳಿಗೆ ಹೋಗಿದ್ದರು. ಕೊಳದ ಮೂಲೆಯಿಂದ ಅಮ್ಮ ಕಣ್ಣಲ್ಲೇ ಕರೆದರು.

ಅತಿಥಿಗಳು ಕೂರುವ ಜಮಖಾನಕ್ಕೆ ಮುಗ್ಗುಲು ವಾಸನೆ ಬಂದಿದೆ ಅಂತ ಹಿಂದಿನ ದಿನ ಅದನ್ನು ಆ ಮೂಲೆ ಬಂಡೆಯ ಮೇಲೆ ಒಗೆದಿದ್ದಾರೆ. ಬಂಡೆಯ ನಡುಮಧ್ಯೆ ಕುಂಬಳಕಾಯಿ ಹಿಡಿಸುವಷ್ಟು ತೂತು. ಒಳಗಿನ ಜಾಲರಿ, ಗೋಣಿತಾಟು ಎಲ್ಲ ಬಾಯಿ ಬಿಟ್ಟುಕೊಂಡು ಕಾಣುತ್ತಿವೆ.

"ಎರಡು ಏಟಿಗೆ ಏನೂ ಆಗ್ಲಿಲ್ಲ. ಮೂರನೇದಕ್ಕೆ ಜಮಖಾನ ಒಳಗೆ ಹೋಯ್ತು," ಅಂದರು.

"ಅಮ್ಮಾ, ಇದು ಒಗೆಯೋ ಕಲ್ಲಲ್ಲ."

"ಒಂದು ಜಮಖಾನ ತಡೀದೇ ಇರೋದು ಅದೆಂತ ಕಲ್ಲು? ಅದಿರ್ಲಿ, ಮಗನಿಗೆ ಹೇಳ್ಬೇಡಿ. ಹಬ್ಬದ ದಿನ ರಗಳೆ ಬೇಡ."

ಕೋರೆಯವರು ಬೇಡ, ದಾರಿಯಲ್ಲಿ ಹೋಗುವ ದನ ನೋಡಿದರೂ ಅದು ಕಲ್ಲಲ್ಲ ಅನ್ನುವ ಸ್ಥಿತಿ. ಅರವತ್ತನಾಲ್ಕು ಸಾವಿರ ಆ ತೂತಿನೊಳಗೆ ಇಳಿದು ಹೋಗುವುದು ನನಗೆ ಕಾಣುತ್ತಿತ್ತು. ಎತ್ತಿಬಿಟ್ಟರೆ ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಜಾಗ ಖಾಲಿ. ಗೌಡರು ಇಪ್ಪತ್ತು ಎಣಿಸಿಯೇ ದುಡ್ಡು ಕೊಡುವವರು.

ಅಮ್ಮ ತಣ್ಣಗೆ ಹೇಳಿದರು: "ಕೊಟ್ಟಿಗೆ ಹಿಂದೆ ನನ್ನ ಕಲ್ಲಿದೆಯಲ್ಲ."

ಇದಕ್ಕೇ ಕಾಯುತ್ತಿದ್ದರೋ ಏನೋ. ನಾನು, ಡ್ರೈವರು, ಕೆಲಸದವರಿಬ್ಬರು ಸೇರಿ ಆ ಒಗೆಯೋ ಕಲ್ಲನ್ನು ಅಡಿಕೆ ಮರದ ದಬ್ಬೆಯ ಮೇಲೆ ಉರುಳಿಸಿಕೊಂಡು ಬಂದು, ಶೀಟಿಗೆ ತಾಗದಂತೆ ದಡದ ಮೂಲೆಯಲ್ಲಿ ಕೂರಿಸಿದೆವು. ಸರಿಯಾಗಿ ಅದು ಮೊದಲಿದ್ದ ಜಾಗದಲ್ಲೇ. ಒಡೆದ ಬಂಡೆ ನನ್ನ ಪಿಕಪ್ಪಿನಲ್ಲಿ ಟಾರ್ಪಾಲಿನ ಅಡಿಗೆ ಹೋಯಿತು.

ಹನ್ನೊಂದಕ್ಕೆ ಬೀಗರು ಬಂದರು. ಸಣಕಲು ಆಳು, ಕಂಕುಳಲ್ಲಿ ಕೊಡೆ. ಕೈ ಹಿಂದೆ ಕಟ್ಟಿಕೊಂಡು ಕೊಳದ ದಡದಲ್ಲಿ ನಿಂತರು.

"ಮುಟ್ಟಿ ನೋಡಿ ಬೀಗ್ರೆ," ಅಂದರು ಗೌಡರು.

"ಮುಟ್ಟಿ ನೋಡೋದು ಕಲಿಯೋರು. ನಾನು ಕಣ್ಣಲ್ಲೇ ಹೇಳ್ತೀನಿ."

ಒಂದೊಂದೇ ನೋಡುತ್ತಾ ಬಂದರು. "ಇದು ಹೊಳೆ ಕಲ್ಲು, ಒಳ್ಳೇದು. ಇದು ನಮ್ಮ ಕಡೆ ಗುಡ್ಡದ್ದು, ಇದನ್ನ ಒಡೆಯೋಕೆ ಸಿಡಿಮದ್ದೇ ಬೇಕು. ಇದರ ವಯಸ್ಸು ಕೇಳ್ಬೇಡಿ, ನಾವೆಲ್ಲ ಹುಟ್ಟೋ ಮೊದಲಿಂದು." ಹೀಗೆ ಹತ್ತೊಂಬತ್ತಕ್ಕೂ ಕುಲ, ಗೋತ್ರ ಹೇಳಿ ಮುಗಿಸಿದರು. ನಾನು ಉಸಿರು ಬಿಟ್ಟೆ. ಮೂಲೆಗೆ ಬಂದವರು ಗಕ್ಕನೆ ನಿಂತರು. ಬೆನ್ನ ಹಿಂದಿದ್ದ ಕೈ ಮುಂದೆ ಬಂತು, ಬೆರಳು ಎದ್ದಿತು.

"ಇದೊಂದು ಡೂಪ್ಲಿಕೇಟ್ ಬೀಗ್ರೆ. ಸಿಮೆಂಟು. ಆ ನುಣುಪು ನೋಡಿ. ದೇವರು ಮಾಡಿದ ಕಲ್ಲು ಇಷ್ಟು ನುಣುಪಿರುತ್ತಾ? ಕರಣೆ ಆಡ್ಸಿದಾರೆ, ನನ್ನ ಕಣ್ಣಿಗೇ ಮಣ್ಣೆರಚ್ತೀರಾ?"

ಗೌಡರು ನನ್ನ ಕಡೆ 'ನಾನೇನು ಮಾಡಲಿ' ಅನ್ನುವ ಹಾಗೆ ನೋಡಿದರು. ನಾನು ಮಾತಾಡಿದರೆ ಅಮ್ಮನ ಗುಟ್ಟು ಹೋಗುತ್ತದೆ. ಸುಮ್ಮನಿದ್ದರೆ ಅರವತ್ತನಾಲ್ಕು ಸಾವಿರ ಹೋಗುತ್ತದೆ. ಗುಟ್ಟು ಅಮ್ಮನದು, ದುಡ್ಡು ನನ್ನದು. ಬಾಯಿ ತೆರೆದೆ. ಅಷ್ಟರಲ್ಲಿ ಕಾಫಿ ತಟ್ಟೆ ಹಿಡಿದು ಅಮ್ಮನೇ ಬಂದರು.

"ಯಾವುದು ಸಿಮೆಂಟು?"

"ಇದು, ಅಮ್ಮಾ," ಅಂದರು ಬೀಗರು, ಬೆರಳು ಇಳಿಸದೆ.

ಅಮ್ಮ ತಟ್ಟೆಯನ್ನು ಆ ಕಲ್ಲಿನ ಮೇಲೇ ಠಣ್ಣನೆ ಇಟ್ಟರು. "ನಾನು ಮದುವೆಯಾಗಿ ಈ ಮನೆಗೆ ಬಂದಾಗ ನಮ್ಮತ್ತೆ ಇದರ ಮೇಲೆ ಬಟ್ಟೆ ಒಗೀತಿದ್ರು. ಅವರಾದ್ಮೇಲೆ ಐವತ್ತು ವರ್ಷ ನಾನು ಒಗೆದಿದೀನಿ. ಈ ನುಣುಪು ಕರಣೇದಲ್ಲ ಬೀಗ್ರೆ, ಈ ಮನೆ ಗಂಡಸರ ಪಂಚೇದು!"

ಬೀಗರ ಬೆರಳು ಮೆಲ್ಲಗೆ ಮಡಚಿಕೊಂಡಿತು. "ಹಂಗಾದ್ರೆ... ಸಿಮೆಂಟು ಯಾವುದು?"

"ಉಳಿದ ಹತ್ತೊಂಬತ್ತೂ!"

ಬೀಗರು ಕಾಫಿ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು. ಆಮೇಲೆ ಹೇಳಿದರು: "ಕಾಫಿ ಮಾತ್ರ ಒರಿಜಿನಲ್."

ಆ ಮನೆಯಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲಂತೆ. ಗೌಡರು ಖುಷಿಗೆ ಅಲ್ಲೇ ದುಡ್ಡು ತಂದರು, ಆದರೆ ಲೆಕ್ಕ ಬಿಡಲಿಲ್ಲ. "ಶೆಟ್ರೆ, ನಿಮ್ಮದು ಹತ್ತೊಂಬತ್ತೇ ಆಯ್ತಲ್ಲ?"

"ಇಪ್ಪತ್ತನೇದು ಒಡೆದಿದ್ದು ನಾನು," ಅಂದರು ಅಮ್ಮ. "ಅದಕ್ಕೂ ಕೊಡು. ಕುಂಬಾರನ ಮಡಕೆ ನಮ್ಮ ಕೈಯಲ್ಲಿ ಒಡೆದ್ರೂ ದುಡ್ಡು ಕೊಟ್ಟ ಮನೆ ಇದು. ಮತ್ತೆ ಕೇಳು, ನನ್ನ ಕಲ್ಲು ಇನ್ನು ಇಲ್ಲಿಂದ ಏಳಲ್ಲ." ಈಗಲೂ ಅಲ್ಲೇ ಇದೆ. ಅಮ್ಮ ಬಟ್ಟೆ ಒಗೆಯುತ್ತಾರೆ, ಹೋಂಸ್ಟೇಗೆ ಬಂದವರು ಫೋಟೋ ತೆಗೆಯುತ್ತಾರೆ.

ಹೊರಡುವಾಗ ಬೀಗರು ನನ್ನನ್ನು ಪಿಕಪ್ಪಿನ ಮರೆಗೆ ಕರೆದರು. "ನಮ್ಮನೆ ತೋಟಕ್ಕೂ ಮೂರು ಬೇಕಿತ್ತು ಶೆಟ್ರೆ. ಇವರಿಗೆ ಗೊತ್ತಾಗೋದು ಬೇಡ. ಆದ್ರೆ ಇಂಥ ಒರಟು ಬೇಡ, ಆ ಒಗೆಯೋ ಕಲ್ಲಿನ ಹಂಗೆ ನುಣುಪಾಗಿರ್ಲಿ. ಒರಿಜಿನಲ್ ಹೇಗಿರುತ್ತೆ ಅಂತ ಇವತ್ತು ನೋಡಿದ್ನಲ್ಲ."

"ನುಣುಪಿಗೆ ಕೆಲಸ ಜಾಸ್ತಿ. ಒಂದಕ್ಕೆ ಐದು ಸಾವಿರ," ಅಂದೆ. ಬಸ್ಸಿಗೆ ಕಾಯುವವರಿಗೆ ಮಾರನೆಯ ದಿನದಿಂದ ಕೂರಲು ಜಾಗ ಇಲ್ಲದಾಯಿತು.

ಒಡೆದ ಬಂಡೆಯನ್ನು ಅಮ್ಮ ಕೇಳಿ ಇಳಿಸಿಕೊಂಡಿದ್ದರು. ತೂತು ಪಕ್ಕಕ್ಕೆ ಬರುವ ಹಾಗೆ ಮಗ್ಗುಲಾಗಿಸಿ, ಒಳಗೆ ಹುಲ್ಲು ಹಾಸಿ ಕೋಳಿಯನ್ನು ಕಾವಿಗೆ ಕೂರಿಸಿದರು. ಕೋಳಿಗೂಡಿನ ಜಾಲರಿ ಕೊನೆಗೂ ತನ್ನ ಕೆಲಸಕ್ಕೆ ಬಂತು. ಮರಿಗಳು ಬೆಳೆದ ಮೇಲೆ ಬಾಡಿಗೆ ಅಂತ ಒಂದನ್ನು ಕಳಿಸಿಕೊಟ್ಟರು.

ಖರ್ಚಿನ ಮಾತು ಬೇಡ, ಅದನ್ನು ನಾನು ಹೆಂಡತಿಗೂ ಹೇಳುವುದಿಲ್ಲ. ಬಂದದ್ದು ಇಷ್ಟು: ಗೌಡರಿಂದ ಎಂಬತ್ತನಾಲ್ಕು ಸಾವಿರ, ಬೀಗರಿಂದ ಹದಿನೈದು ಸಾವಿರ. ಒಟ್ಟು ತೊಂಬತ್ತೊಂಬತ್ತು ಸಾವಿರ ರೂಪಾಯಿ ಮತ್ತು ಒಂದು ನಾಟಿ ಹುಂಜ. ಅದು ಮಾತ್ರ ಒರಿಜಿನಲ್.